ಕೋಟೇಶ್ವರದಿಂದ ಮಣಿಪಾಲಕ್ಕೆ ಎಷ್ಟು ದೂರ?

ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ ಅಂಗಡಿ ಇಟ್ಟುಕೊಂಡವರಿಗೆ ಆ್ಯಂಬುಲೆನ್ಸ್ ಸದ್ದು ಹೊಸತಲ್ಲ. ತಲೆ ಎತ್ತಿ ನೋಡದೆಯೇ ಅವರು ಹೇಳಬಲ್ಲರು, ರೋಗಿಯನ್ನು ಹೊತ್ತ ಗಾಡಿ ತೆಂಕು ದಿಕ್ಕಿಗೇ ಹೋಗುತ್ತಿದೆ ಎಂದು. ಗಂಗೊಳ್ಳಿಯ ಮೀನುಗಾರನಿರಲಿ, ಬೈಂದೂರಿನ ಬಸುರಿ ಹೆಂಗಸಿರಲಿ, ಭಟ್ಕಳದಲ್ಲಿ ಬೈಕಿನಿಂದ ಬಿದ್ದ ಹುಡುಗನಿರಲಿ, ಸ್ಥಿತಿ ಕೈಮೀರಿತು ಅನ್ನಿಸಿದರೆ ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಸಾಸ್ತಾನ, ಬ್ರಹ್ಮಾವರ ದಾಟಿ ಮಣಿಪಾಲದ ದೊಡ್ಡಾಸ್ಪತ್ರೆ ಸೇರಬೇಕು. ಕುಂದಾಪುರದ ಕಡೆ ಯಾರ ಬಗ್ಗೆಯಾದರೂ "ಮಣಿಪಾಲಕ್ ಹಾಕಿರ್ ಅಂಬ್ರ್" ಎಂಬ ಮಾತು ಬಂದರೆ ಕಾಯಿಲೆ ಯಾವುದೆಂದು ಕೇಳುವವರು ಕಡಿಮೆ. ಗಂಭೀರವೆಂದು ಅಷ್ಟರಲ್ಲೇ ಗೊತ್ತಾಗಿರುತ್ತದೆ.

ಕೋಟೇಶ್ವರದಿಂದ ಮಣಿಪಾಲಕ್ಕೆ ಸುಮಾರು 35 ಕಿ.ಮೀ. ಬೈಂದೂರು ತಾಲೂಕಿನ ಬಡಗು ತುದಿಯ ಶಿರೂರಿನಿಂದ ಲೆಕ್ಕ ಹಾಕಿದರೆ 70 ಕಿ.ಮೀ.ಗೂ ಮೇಲೆ. 2022ರ ಜುಲೈ 20ರಂದು ಆ ಶಿರೂರಿನ ಟೋಲ್ ಗೇಟಿನಲ್ಲೇ ಮಳೆನೀರಿಗೆ ಜಾರಿದ ಆ್ಯಂಬುಲೆನ್ಸೊಂದು ಪಲ್ಟಿಯಾಗಿ ನಾಲ್ವರು ಸತ್ತರು. ಹೊನ್ನಾವರದಿಂದ ರೋಗಿಯನ್ನು ಕುಂದಾಪುರದತ್ತ ತರುತ್ತಿದ್ದ ಗಾಡಿ ಅದು. ಸಿಸಿ ಕ್ಯಾಮೆರಾದ ದೃಶ್ಯವನ್ನು ದೇಶವೇ ನೋಡಿತು. ಒದ್ದೆ ರಸ್ತೆ, ಗಾಡಿಯ ವೇಗ, ಟೋಲಿನ ಬ್ಯಾರಿಕೇಡು ಎಲ್ಲವೂ ಚರ್ಚೆಯಾದವು. ಉತ್ತರ ಕನ್ನಡದ ಜನ ಮಾತ್ರ ಬೇರೆಯೇ ಪ್ರಶ್ನೆ ಎತ್ತಿದರು: ನಮ್ಮ ಜಿಲ್ಲೆಯ ರೋಗಿ ಅಷ್ಟು ದೂರ ಹೋಗಬೇಕಾಗಿ ಬಂದದ್ದಾದರೂ ಯಾಕೆ? ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಅಭಿಯಾನ ಬಿರುಸಾದದ್ದು ಆ ಅಪಘಾತದ ನಂತರ.

ಪ್ರಶ್ನೆ ಸರಿಯಾದದ್ದೇ. ಆದರೆ ಅದರ ಮಗ್ಗುಲಲ್ಲಿ ಇನ್ನೊಂದು ಸಂಗತಿಯನ್ನೂ ಇಟ್ಟು ನೋಡಬೇಕು. ಕಾರವಾರದಲ್ಲಿ 2016ರಿಂದಲೇ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಹೊನ್ನಾವರದಿಂದ ಕಾರವಾರಕ್ಕೂ ಕುಂದಾಪುರಕ್ಕೂ ದೂರ ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಗಾಡಿ ತೆಂಕಕ್ಕೆ ತಿರುಗಿತು. ವೈದ್ಯಕೀಯ ಕಾಲೇಜು ಇರುವ ಜಿಲ್ಲೆಯ ರೋಗಿ ಸರಕಾರಿ ವೈದ್ಯಕೀಯ ಕಾಲೇಜೇ ಇಲ್ಲದ ಉಡುಪಿ ಜಿಲ್ಲೆಗೆ ಬರುತ್ತಾನೆಂದರೆ, ಎಲ್ಲಿ ಎಷ್ಟು ಕಟ್ಟಡ, ಎಷ್ಟು ಹಾಸಿಗೆ ಎಂಬ ಎಣಿಕೆಯಿಂದ ತಿಳಿಯುವುದು ಬಹಳ ಕಡಿಮೆ ಎಂದಾಯಿತು. ಆರೋಗ್ಯ ನೀತಿಯನ್ನು ಓದುವ, ವ್ಯವಸ್ಥೆಗಳನ್ನು ಹೋಲಿಸಿ ನೋಡುವ ವಿದ್ಯೆಯ ಕೆಲಸ ಶುರುವಾಗುವುದು ಈ ಜಾಗದಿಂದ.

ಆ ವಿದ್ಯೆಗೆ ಒಂದು ಹಳೆಯ ಚಟವಿದೆ, ರ‍್ಯಾಂಕ್ ಕೊಡುವುದು. ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ 191 ದೇಶಗಳ ಆರೋಗ್ಯ ವ್ಯವಸ್ಥೆಗಳನ್ನು ಸಾಲಾಗಿ ನಿಲ್ಲಿಸಿ ನಂಬರು ಹಾಕಿತು. ಫ್ರಾನ್ಸ್ ಮೊದಲನೆಯದು, ಅಮೆರಿಕ 37, ಭಾರತ 112. ಕರಾವಳಿಯ ಎಷ್ಟೋ ಮನೆಗಳಿಗೆ ದುಡಿಮೆಯ ನೆಲೆಯಾದ ಒಮಾನ್‌ಗೆ 8ನೇ ಸ್ಥಾನ. ಪಟ್ಟಿಯ ಲೆಕ್ಕಾಚಾರದ ಮೇಲೆ ಎಷ್ಟು ಆಕ್ಷೇಪ ಬಂತೆಂದರೆ ಸಂಸ್ಥೆ ಮತ್ತೆ ಅಂಥದ್ದೊಂದು ಪಟ್ಟಿ ಹೊರಡಿಸುವ ಗೊಡವೆಗೆ ಹೋಗಲಿಲ್ಲ. ಸರಾಸರಿ ಅಂಕಿಯಲ್ಲಿ ಮುಂಬಯಿಯ ದೊಡ್ಡ ಆಸ್ಪತ್ರೆಯೂ ಘಟ್ಟದ ಬುಡದ ಅಮಾಸೆಬೈಲಿನಂಥ ಹಳ್ಳಿಯೂ ಒಂದಾಗಿಬಿಡುತ್ತವೆ. 112 ಎಂಬ ಸಂಖ್ಯೆಯನ್ನು ಹಿಡಿದುಕೊಂಡು ಅಮಾಸೆಬೈಲಿನವರು ಮಾಡುವುದಾದರೂ ಏನು?

ಅಮೆರಿಕದ ಪತ್ರಕರ್ತ ಟಿ.ಆರ್. ರೀಡ್ ಹಿಡಿದ ದಾರಿ ಇದಕ್ಕಿಂತ ಸ್ವಾರಸ್ಯದ್ದು. ತನ್ನ ನೋಯುವ ಭುಜವೊಂದನ್ನು ಹೊತ್ತು ಆತ ಫ್ರಾನ್ಸ್, ಜರ್ಮನಿ, ಜಪಾನ್, ಬ್ರಿಟನ್, ಕೆನಡಾಗಳ ವೈದ್ಯರ ಮುಂದೆ ಕುಳಿತ. ಕೊಯಮತ್ತೂರಿನ ಆಯುರ್ವೇದ ಚಿಕಿತ್ಸಾಲಯಕ್ಕೂ ಬಂದ. ಎಲ್ಲಿ ಎಷ್ಟು ಕಾಯಬೇಕು, ಬಿಲ್ಲು ಯಾರ ಹೆಸರಿಗೆ ಬರುತ್ತದೆ, ವೈದ್ಯರು ಯಾವುದಕ್ಕೆ ಆತುರಪಡುತ್ತಾರೆ ಎಂಬುದನ್ನೆಲ್ಲ 2009ರ ತನ್ನ ಪುಸ್ತಕದಲ್ಲಿ ಬರೆದ. ಭುಜ ಒಂದೇ, ವ್ಯವಸ್ಥೆಗಳು ಹಲವು. ಹೋಲಿಕೆ ಅರ್ಥಪೂರ್ಣವಾಗುವುದು ಹೀಗೆ ಒಂದನ್ನು ಸ್ಥಿರವಾಗಿಟ್ಟು ಮತ್ತೊಂದನ್ನು ಬದಲಿಸಿದಾಗ.

ಪಠ್ಯಪುಸ್ತಕಗಳು ಜಗತ್ತಿನ ಆರೋಗ್ಯ ವ್ಯವಸ್ಥೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತವೆ. ತೆರಿಗೆ ಹಣದಲ್ಲಿ ಸರಕಾರವೇ ಆಸ್ಪತ್ರೆ ನಡೆಸುವ, 1948ರ ಜುಲೈಯಲ್ಲಿ ಶುರುವಾದ ಬ್ರಿಟನ್ನಿನ ಪದ್ಧತಿ ಒಂದು. ಮಾಲಿಕ ಮತ್ತು ಕಾರ್ಮಿಕ ಇಬ್ಬರ ವಂತಿಗೆಯಿಂದ ನಡೆಯುವ, 1883ರಲ್ಲಿ ಬಿಸ್ಮಾರ್ಕ್ ಕಾಲದ ಜರ್ಮನಿಯಲ್ಲಿ ಹುಟ್ಟಿದ ವಿಮೆ ಎರಡನೆಯದು. ಹಣ ಸರಕಾರದ್ದು, ಆಸ್ಪತ್ರೆ ಬೇರೆಯವರದ್ದು ಎಂಬ ಕೆನಡಾ ಮಾದರಿ ಮೂರನೆಯದು. ಕೈಯಲ್ಲಿ ಕಾಸಿದ್ದವನಿಗೆ ಚಿಕಿತ್ಸೆ, ಇಲ್ಲದವನಿಗೆ ದೇವರು ಎಂಬುದು ನಾಲ್ಕನೆಯದು. ಇವನ್ನು ನೋಡಲು ವಿಮಾನ ಹತ್ತಬೇಕಿಲ್ಲ. ಕುಂದಾಪುರ ತಾಲೂಕಿನ ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿನ ಸಂಬಳದಿಂದ ಇಎಸ್‌ಐಗೆ ಶೇ. 0.75 ಕಡಿತವಾಗುತ್ತದೆ, ಮಾಲಿಕ ಶೇ. 3.25 ಸೇರಿಸುತ್ತಾನೆ, ಆಕೆ ಜರ್ಮನಿಯಲ್ಲಿದ್ದಾಳೆ. ಮಗುವಿಗೆ ಲಸಿಕೆ ಹಾಕಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಅವಳೇ ಬ್ರಿಟನ್ನಿಗೆ ಬಂದಳು. ಬಿಪಿಎಲ್ ಕಾರ್ಡಿನ ಅತ್ತೆಗೆ ಆಯುಷ್ಮಾನ್ ಯೋಜನೆಯಡಿ ಖಾಸಗಿ ಆಸ್ಪತ್ರೆಯಲ್ಲಿ ಹೃದಯದ ಸ್ಟೆಂಟ್ ಹಾಕಿಸಿದರೆ ಅದು ಕೆನಡಾದ ದೂರದ ಸಂಬಂಧಿ. ಬೆಂಗಳೂರಿನ ಸಣ್ಣ ಹೋಟೆಲಿನಲ್ಲಿ ದುಡಿದು ಊರಿಗೆ ಮರಳಿದ ಗಂಡ ಮಾತ್ರ ಮಾತ್ರೆಗೂ ರಕ್ತ ಪರೀಕ್ಷೆಗೂ ಕಿಸೆಯಿಂದಲೇ ಕೊಡುತ್ತಾನೆ. ಒಂದೇ ಮನೆಯಲ್ಲಿ ನಾಲ್ಕು ದೇಶ.

ಈ ನಾಲ್ಕನೆಯ ದೇಶವೇ ನಮ್ಮಲ್ಲಿ ಬಹುಕಾಲ ದೊಡ್ಡದಾಗಿತ್ತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2014-15ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 62.6ನ್ನು ಜನ ಸ್ವಂತ ಕಿಸೆಯಿಂದ ಭರಿಸಿದ್ದರು. 2021-22ಕ್ಕೆ ಅದು ಶೇ. 39.4ಕ್ಕೆ ಇಳಿಯಿತು. ಇಳಿಕೆ ಸಣ್ಣದಲ್ಲ. ಸರಕಾರಗಳ ವೆಚ್ಚವೂ ಆ ವರ್ಷಕ್ಕೆ ಏರಿತು, ಆದರೆ ಜಿಡಿಪಿಯ ಶೇ. 1.84ಕ್ಕೆ ಮಾತ್ರ, 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಶೇ. 2.5 ಆಗಬೇಕೆಂದು ಗುರಿ ಇಟ್ಟಿತ್ತು.

ಕರ್ನಾಟಕ ಈ ವಿಷಯದಲ್ಲಿ ಕೈಕಟ್ಟಿ ಕುಳಿತ ರಾಜ್ಯವಲ್ಲ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ, ವರ್ಷಕ್ಕೆ ತಲಾ 60 ರೂಪಾಯಿ ಕಟ್ಟಿದ ಸಹಕಾರಿ ಸಂಘದ ರೈತನಿಗೆ ದೊಡ್ಡ ಶಸ್ತ್ರಚಿಕಿತ್ಸೆಯ ಭರವಸೆ ಕೊಟ್ಟಿತು. ಅದರ ಹಿಂದೆ ಕಿನ್ನಿಗೋಳಿ ಮೂಲದ ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಒತ್ತಾಸೆಯಿತ್ತು. ಆಮೇಲೆ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, ಮತ್ತು ಅದರ ಜೊತೆಗೆ, ಯಾರೂ ಉದ್ದೇಶಿಸದೆಯೇ, ಹೋಲಿಕೆಗೆ ಒಂದು ಅಪರೂಪದ ಅವಕಾಶವೂ ಬಂತು.

ಯೋಜನೆ ಒಮ್ಮೆಗೇ ರಾಜ್ಯಕ್ಕೆಲ್ಲ ಸಿಗಲಿಲ್ಲ. ಮೊದಲು ಉತ್ತರದ ಜಿಲ್ಲೆಗಳು, ದಕ್ಷಿಣಕ್ಕೆ ಆಮೇಲೆ. ನಡುವೆ ಒಂದು ಗೆರೆ. ಗೆರೆಯ ಈಚೆಗಿನ ಹಳ್ಳಿಗೂ ಆಚೆಗಿನ ಹಳ್ಳಿಗೂ ಬೆಳೆ, ಮಳೆ, ಬಡತನ, ಊಟ ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಒಂದು ಕಡೆ ಬಿಪಿಎಲ್ ಕುಟುಂಬಕ್ಕೆ ಹೃದಯ, ಕ್ಯಾನ್ಸರ್, ಸುಟ್ಟಗಾಯ, ಮೂತ್ರಪಿಂಡದಂಥ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ, ಇನ್ನೊಂದು ಕಡೆ ಇಲ್ಲ. ಸಂಶೋಧಕ ನೀರಜ್ ಸೂದ್, ಬೆಂಗಳೂರು ಐಐಎಂನ ಅರ್ಣಬ್ ಮುಖರ್ಜಿ ಮತ್ತು ಸಂಗಡಿಗರು ಗೆರೆಯ ಎರಡೂ ಬದಿಯ 572 ಹಳ್ಳಿಗಳ ಮನೆಮನೆ ಲೆಕ್ಕ ತೆಗೆದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಸತ್ತವರ ಪ್ರಮಾಣ ಬಿಪಿಎಲ್ ಕುಟುಂಬಗಳಲ್ಲಿ ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಆಸ್ಪತ್ರೆಗೆ ಕಿಸೆಯಿಂದ ಕೊಟ್ಟ ಖರ್ಚು ಶೇ. 34ರಷ್ಟು ಕಡಿಮೆ. ಅದೇ ಹಳ್ಳಿಗಳ ಎಪಿಎಲ್ ಕುಟುಂಬಗಳಲ್ಲಿ, ಅಂದರೆ ಯೋಜನೆ ಯಾವ ಕಡೆಯಲ್ಲೂ ಮುಟ್ಟದವರಲ್ಲಿ, ಸಾವಿನ ಪ್ರಮಾಣ ಎರಡೂ ಬದಿ ಹೆಚ್ಚುಕಡಿಮೆ ಸಮ. ಇಷ್ಟು ದೊಡ್ಡ ಫಲ ಕಂಡಾಗ ಹುಬ್ಬೇರಿಸುವುದು ಸಹಜ, ಹುಬ್ಬೇರಿಸಲೂ ಬೇಕು. ದೇಶದ ಬೇರೆ ಸರಕಾರಿ ವಿಮೆಗಳ ಅಧ್ಯಯನಗಳಲ್ಲಿ ಇಂಥ ಫಲ ಸುಲಭಕ್ಕೆ ಕಂಡಿಲ್ಲ. ಆದರೆ ಕೇಳಿದ ರೀತಿ ಸರಿಯಾಗಿತ್ತು. ಕರ್ನಾಟಕ ಕೇರಳಕ್ಕಿಂತ ಮೇಲೋ ಕೆಳಗೋ ಎಂದು ಅವರು ಕೇಳಲಿಲ್ಲ. ಒಂದೇ ಬಗೆಯ ಇಬ್ಬರು ಬಡವರು, ಒಬ್ಬನಿಗೆ ಕಾರ್ಡಿದೆ, ಒಬ್ಬನಿಗಿಲ್ಲ, ಯಾರು ಬದುಕಿ ಉಳಿದರು ಎಂದು ಕೇಳಿದರು.

ಅಂಥದ್ದೇ ಗೆರೆಯೊಂದು ಕರಾವಳಿಯಲ್ಲಿ ಎಂದೋ ಬಿದ್ದಿದೆ. 1956ರ ನವೆಂಬರ್ 1ರವರೆಗೆ ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡು ಎಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಮದರಾಸು ಪ್ರಾಂತದ 1939ರ ಸಾರ್ವಜನಿಕ ಆರೋಗ್ಯ ಕಾಯಿದೆಯೇ ಎಲ್ಲರಿಗೂ ಅನ್ವಯ. ರಾಜ್ಯ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಉಳಿದದ್ದು ಮೈಸೂರಿಗೆ ಬಂತು. ಮಂಜೇಶ್ವರದ ಕನ್ನಡಿಗನಿಗೂ ಕೋಟೇಶ್ವರದವನಿಗೂ ಭಾಷೆ ಒಂದು, ಸಮುದ್ರ ಒಂದು, ಮಳೆ ಒಂದು. ಸರಕಾರ ಮಾತ್ರ ಬೇರೆ.

ರಾಜ್ಯಗಳ ಸರಾಸರಿ ನೋಡಿದರೆ ಕೇರಳದ ಗೆಲುವು ನಿರ್ವಿವಾದ. 2018-20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು ಕೇರಳದಲ್ಲಿ 19, ಕರ್ನಾಟಕದಲ್ಲಿ 69. ಸಾವಿರ ಶಿಶುಗಳಲ್ಲಿ ಹುಟ್ಟಿದ ವರ್ಷದೊಳಗೆ ಸಾಯುವವು 2020ರಲ್ಲಿ ಅಲ್ಲಿ 6, ಇಲ್ಲಿ 19. ಇದನ್ನು ಓದಿದವರು ಕಾಸರಗೋಡಿನವರು ಪುಣ್ಯವಂತರು ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ 2020ರ ಮಾರ್ಚ್‌ನಲ್ಲಿ ಏನಾಯಿತು? ಕೋವಿಡ್ ಭಯದಲ್ಲಿ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಿತು. ಕಾಸರಗೋಡಿನಿಂದ ಮಂಗಳೂರು 50 ಕಿ.ಮೀ., ತಿರುವನಂತಪುರ 500 ಕಿ.ಮೀ.ಗೂ ಆಚೆ. ಡಯಾಲಿಸಿಸ್‌ಗೆ, ಹೃದಯಕ್ಕೆ, ಕ್ಯಾನ್ಸರಿಗೆ ದಶಕಗಳಿಂದ ಮಂಗಳೂರನ್ನೇ ನಂಬಿದ್ದ ಜನರ ಆ್ಯಂಬುಲೆನ್ಸುಗಳು ಗಡಿಯಲ್ಲಿ ನಿಂತವು, ಕೆಲವರು ಚಿಕಿತ್ಸೆ ಸಿಗದೆ ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವಿಗೆ ಆದೇಶಿಸಿತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ಕಡೆ ಒಪ್ಪಿಗೆಯಾಯಿತು. ಕರ್ನಾಟಕದ ಆ ನಡೆಯನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಉಕ್ಕಿನಡ್ಕದಲ್ಲಿ 2013ರಲ್ಲೇ ಅಡಿಗಲ್ಲು ಹಾಕಿಸಿಕೊಂಡಿದ್ದ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಕೇರಳ ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆಯಾಗಿ ಬಳಕೆಗೆ ತಂದದ್ದು ಆಗಲೇ. ಹೆಮ್ಮೆಯ ಅಂಕಿಗಳ ರಾಜ್ಯ ತನ್ನ ಬಡಗು ತುದಿಯನ್ನು ಮಂಗಳೂರಿನ ಮಡಿಲಿಗೆ ಹಾಕಿ ಮರೆತಿತ್ತೆಂಬುದು ಗಡಿ ಮುಚ್ಚಿದ ಮೇಲೆಯೇ ಗೊತ್ತಾಯಿತು.

ಹಾಗೆಂದು ಕರ್ನಾಟಕದವರು ಬೀಗುವಂತಿಲ್ಲ. ಅದೇ ಕಾಸರಗೋಡು ಜಿಲ್ಲೆಯ ಕಯ್ಯೂರಿನ ಕುಟುಂಬ ಆರೋಗ್ಯ ಕೇಂದ್ರ ರಾಷ್ಟ್ರೀಯ ಗುಣಮಟ್ಟ ಪರಿಶೀಲನೆಯಲ್ಲಿ ಶೇ. 99 ಅಂಕ ಪಡೆದು ದೇಶದ ಪ್ರಾಥಮಿಕ ಕೇಂದ್ರಗಳಲ್ಲೇ ಮೊದಲಿಗೆ ಬಂದಿತ್ತು. 2017ರಲ್ಲಿ ಶುರುವಾದ 'ಆರ್ದ್ರಂ' ಯೋಜನೆಯಡಿ ಕೇರಳ ಇಂಥ ಕೇಂದ್ರಗಳಿಗೆ ಹೆಚ್ಚಿನ ವೈದ್ಯರು, ನರ್ಸುಗಳನ್ನು ಕೊಟ್ಟು ಸಂಜೆ 6ರವರೆಗೆ ಹೊರರೋಗಿಗಳನ್ನು ನೋಡುವ ಕ್ರಮ ತಂದಿತು. ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾಗದವನಿಗೆ ಈ ಸಂಜೆಯ ಹೊತ್ತು ಎಷ್ಟು ದೊಡ್ಡದೆಂದು ಬಿಪಿ, ಶುಗರ್ ಮಾತ್ರೆ ತಿಂಗಳುಗಟ್ಟಲೆ ನಿಲ್ಲಿಸಿಬಿಡುವವರ ಮನೆಯಲ್ಲಿ ವಿಚಾರಿಸಬೇಕು. ಮಣಿಪಾಲಕ್ಕೆ ಓಡುವ ಪಾರ್ಶ್ವವಾಯುವಿನ ರೋಗಿ ಒಂದೇ ದಿನದಲ್ಲಿ ತಯಾರಾಗುವುದಿಲ್ಲ.

ಹೆದ್ದಾರಿ 66ರ ಉದ್ದಕ್ಕೆ ಹೀಗೆ ಮೂರು ಬಗೆಯ ಜಿಲ್ಲೆಗಳು ಒಂದರ ಪಕ್ಕ ಒಂದು ನಿಂತಿವೆ. ಕಾಸರಗೋಡಿನಲ್ಲಿ ಬುಡ ಗಟ್ಟಿ, ತುದಿ ದುರ್ಬಲ. ಉಡುಪಿಯಲ್ಲಿ ತುದಿ ಎತ್ತರ, ಅದು ಖಾಸಗಿಯವರ ಕೈಯಲ್ಲಿ. ಉತ್ತರ ಕನ್ನಡದಲ್ಲಿ ಸರಕಾರಿ ಕಾಲೇಜಿದೆ, ಜನರ ನಂಬಿಕೆ ಇನ್ನೂ ಬಂದಿಲ್ಲ. ಕಾರವಾರದವರು ಗೋವಾದ ಬಾಂಬೋಳಿಯ ಆಸ್ಪತ್ರೆಗೆ ಹೋಗುತ್ತಿದ್ದರು, 2018ರಲ್ಲಿ ಆ ಆಸ್ಪತ್ರೆ ಹೊರರಾಜ್ಯದವರಿಗೆ ಶುಲ್ಕ ಹಾಕತೊಡಗಿತು. ದೇಶ ದೇಶ ಸುತ್ತಿ ಹೋಲಿಸುವವರಿಗೂ ಇಷ್ಟು ಅಚ್ಚುಕಟ್ಟಾದ ಪ್ರಯೋಗಶಾಲೆ ಸಿಗುವುದಿಲ್ಲ.

ಉಡುಪಿಯ ಕಥೆಗೆ ತನ್ನದೇ ಚರಿತ್ರೆಯಿದೆ. ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದಾಗ ದೇಶದಲ್ಲಿ ಖಾಸಗಿ ವೈದ್ಯಕೀಯ ಕಾಲೇಜೆಂಬುದೇ ಅಪರೂಪ. ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಸರಕಾರಿ-ಖಾಸಗಿ ಸಹಭಾಗಿತ್ವ ಎಂದು ಈಗ ಯಾವುದನ್ನು ಕರೆಯುತ್ತಾರೋ ಅದನ್ನು ಕರಾವಳಿ ಆ ಹೆಸರು ಹುಟ್ಟುವ ಮೊದಲೇ ಮಾಡಿತ್ತು. ಅಂದಿನಿಂದ ಇಂದಿನವರೆಗೆ ಮಣಿಪಾಲ ಕುಂದಾಪುರಕ್ಕಷ್ಟೇ ಅಲ್ಲ, ಘಟ್ಟದ ಮೇಲಿನವರಿಗೂ ದೊಡ್ಡಾಸ್ಪತ್ರೆ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ರೋಗಿಗಳನ್ನು ಇಳಿಸಿ ತಂದದ್ದು ಅಲ್ಲಿಗೇ. 2020ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆ ಕೋವಿಡ್‌ಗೆ ಮೀಸಲಾಯಿತು. ಮುಂಬಯಿಯಿಂದ ಕುಂದಾಪುರ, ಬೈಂದೂರಿಗೆ ಸಾವಿರಾರು ಜನ ಮರಳಿ ಸೋಂಕು ಏರಿದಾಗ ಜಿಲ್ಲೆ ತತ್ತರಿಸದಿದ್ದುದಕ್ಕೆ ಇದೂ ಒಂದು ಕಾರಣ.

ಆದರೆ ಸಹಭಾಗಿತ್ವಕ್ಕೆ ಇನ್ನೊಂದು ಮುಖವೂ ಉಂಟು, ಅದನ್ನೂ ಉಡುಪಿಯೇ ಕಂಡಿದೆ. ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರು ದಾನವಿತ್ತ ಜಾಗದಲ್ಲಿದ್ದ ಸರಕಾರಿ ಹೆರಿಗೆ ಆಸ್ಪತ್ರೆಯನ್ನು ಉದ್ಯಮಿ ಬಿ.ಆರ್. ಶೆಟ್ಟಿಯವರ ಸಂಸ್ಥೆಗೆ ಒಪ್ಪಿಸಿ, 2017ರ ನವೆಂಬರ್‌ನಲ್ಲಿ ಹೊಸ ಕಟ್ಟಡ ಉದ್ಘಾಟನೆಯಾಯಿತು. ಕಟ್ಟಡ ಚೆಂದ, ಸೇವೆ ಉಚಿತ. 2020ರಲ್ಲಿ ಕೊಲ್ಲಿಯಲ್ಲಿ ಅವರ ಉದ್ಯಮ ಕುಸಿಯಿತು. ಸಂಬಳಕ್ಕಾಗಿ ಸಿಬ್ಬಂದಿ ಧರಣಿ ಕೂತರು. ಕೊನೆಗೆ 2022ರಲ್ಲಿ ಸರಕಾರ ಆಸ್ಪತ್ರೆಯನ್ನು ಮರಳಿ ವಹಿಸಿಕೊಂಡಿತು. ಅಬುಧಾಬಿಯ ಲೆಕ್ಕಪತ್ರ ಹದಗೆಟ್ಟರೆ ಉಡುಪಿಯ ಬಾಣಂತಿಗೆ ತೊಂದರೆಯಾಗಬಾರದೆಂಬ ಷರತ್ತು ಒಪ್ಪಂದದಲ್ಲಿ ಹೇಗಿರಬೇಕು? ಜಿಲ್ಲೆಗೊಂದು ವೈದ್ಯಕೀಯ ಕಾಲೇಜನ್ನು ಸಹಭಾಗಿತ್ವದಲ್ಲಿ ತರೋಣ ಎಂಬ ಮಾತು ಬಂದಾಗಲೆಲ್ಲ ಮೊದಲು ತೆರೆದು ಓದಬೇಕಾದ ಕಡತ ಇದು.

ಈ ಚರ್ಚೆಗೆ ಬೇಕಾದ ಬಹುದೊಡ್ಡ ಮಾಹಿತಿ ಕುಂದಾಪುರದಲ್ಲೇ ಇದೆ, ಯಾರೂ ಅದನ್ನು ಮಾಹಿತಿಯೆಂದು ನೋಡುತ್ತಿಲ್ಲ ಅಷ್ಟೆ. 2018ರ ಮಾರ್ಚ್‌ನಲ್ಲಿ ಬಂದ 'ಆರೋಗ್ಯ ಕರ್ನಾಟಕ', ಅದೇ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತದೊಡನೆ ಸೇರಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಎಪಿಎಲ್‌ಗೆ ವೆಚ್ಚದ ಶೇ. 30, ಮಿತಿ 1.5 ಲಕ್ಷ. ತುರ್ತು ಚಿಕಿತ್ಸೆಯ ಪಟ್ಟಿಯನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಈ ಪತ್ರಕ್ಕಾಗಿ ಅಲೆದವರ ಬೈಗುಳ ಊರಿಗೆಲ್ಲ ಗೊತ್ತು. ಬೈಗುಳದಲ್ಲಿ ನ್ಯಾಯವಿದೆ. ಆದರೆ ಪತ್ರವೊಂದರ ಸಾರವೇನು? ಈ ಚಿಕಿತ್ಸೆ ನಮ್ಮಲ್ಲಿಲ್ಲ ಎಂದು ಸರಕಾರಿ ಆಸ್ಪತ್ರೆಯೇ ರುಜು ಹಾಕಿ ಕೊಡುವ ಹೇಳಿಕೆ. ಕುಂದಾಪುರ ತಾಲೂಕು ಆಸ್ಪತ್ರೆಯ ಒಂದು ವರ್ಷದ ಪತ್ರಗಳನ್ನು ಕಾಯಿಲೆವಾರು, ಗ್ರಾಮವಾರು ಜೋಡಿಸಿದರೆ ಆ ಆಸ್ಪತ್ರೆಗೆ ಏನು ಕೊಡಬೇಕೆಂಬ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಮೂಳೆ ಮುರಿತಕ್ಕೇ ಹೆಚ್ಚು ಪತ್ರ ಹೋಗಿದ್ದರೆ ಬೇಕಾದದ್ದು ವೈದ್ಯಕೀಯ ಕಾಲೇಜಲ್ಲ, ಒಬ್ಬ ಮೂಳೆತಜ್ಞ, ಒಬ್ಬ ಅರಿವಳಿಕೆ ವೈದ್ಯ ಮತ್ತು ರಾತ್ರಿಯೂ ನಡೆಯುವ ಶಸ್ತ್ರಚಿಕಿತ್ಸಾ ಕೊಠಡಿ. ಹೃದಯದ ಪತ್ರಗಳೇ ಹೆಚ್ಚೆಂದರೆ ಲೆಕ್ಕ ಬೇರೆ.

ಥಾಯ್ಲೆಂಡ್ ಈ ಲೆಕ್ಕವನ್ನು ಧೈರ್ಯವಾಗಿ ಮಾಡಿದ ದೇಶ. 2002ರಲ್ಲಿ ಅಲ್ಲಿ ಬಂದ 30 ಬಾತ್ ಯೋಜನೆಯನ್ನು ಎಲ್ಲರೂ ಹೊಗಳುತ್ತಾರೆ: 30 ಬಾತ್ ಕೊಟ್ಟರೆ ಯಾರಿಗಾದರೂ ಚಿಕಿತ್ಸೆ. ಅದಕ್ಕೆ 20 ವರ್ಷ ಮೊದಲು ನಡೆದದ್ದನ್ನು ನೆನೆಯುವವರು ಕಡಿಮೆ. 1982ರಿಂದ ಐದು ವರ್ಷ ಆ ಸರಕಾರ ನಗರದ ದೊಡ್ಡ ಆಸ್ಪತ್ರೆಗಳ ಹೊಸ ಕಟ್ಟಡಗಳಿಗೆ ಹಣ ನಿಲ್ಲಿಸಿ, ನಮ್ಮ ತಾಲೂಕಿಗೆ ಸಮನಾದ ಕಡೆಗಳ ಆಸ್ಪತ್ರೆಗಳಿಗೆ ಹರಿಸಿತು. ಕಾರ್ಡು ಕೈಗೆ ಬಂದಾಗ ಅದನ್ನು ತೋರಿಸಲು ಹತ್ತಿರದಲ್ಲೇ ಆಸ್ಪತ್ರೆಯಿತ್ತು. ನಾವು ಮಾಡಿದ್ದು ತಿರುಗಾಮುರುಗಾ, ಮೊದಲು ಕಾರ್ಡು ಕೊಟ್ಟೆವು. ಕಾರ್ಡು ಹಿಡಿದವನು ಹೆದ್ದಾರಿ ಹಿಡಿದ.

ಅಧ್ಯಯನದ ಮಾತು ಎತ್ತಿದಾಗೆಲ್ಲ ಒಂದು ತಕರಾರು ಬರುತ್ತದೆ: ಜನ ಸಾಯುತ್ತಿರುವಾಗ ಸಂಶೋಧನೆ ಯಾಕೆ, ಆಸ್ಪತ್ರೆ ಕಟ್ಟಿ. ಕೇಳಲು ಖಡಕ್ಕಾಗಿದೆ. ಕಾರವಾರದಲ್ಲಿ ಕಟ್ಟಿದ ಮೇಲೂ ಹೊನ್ನಾವರದ ಗಾಡಿ ತೆಂಕಕ್ಕೆ ಯಾಕೆ ಬಂತು ಎಂಬುದಕ್ಕೆ ಆ ಮಾತಿನಲ್ಲಿ ಉತ್ತರವಿಲ್ಲ. ವೇತನ, ತಜ್ಞರ ಕೊರತೆ, ವರ್ಗಾವಣೆ, ಜನರ ಅಪನಂಬಿಕೆ, ಇವುಗಳಲ್ಲಿ ಯಾವುದು ಎಷ್ಟು ಕಾರಣವೆಂದು ತಿಳಿಯದೆ ಉಡುಪಿಯಲ್ಲೂ ನೂರಾರು ಕೋಟಿಯ ಅಡಿಗಲ್ಲು ಹಾಕುವುದು ಜಾಣತನವಲ್ಲ. ಕುಂದಾಪುರಕ್ಕೆ ತಜ್ಞರು, ಸುತ್ತಿನ ಪ್ರಾಥಮಿಕ ಕೇಂದ್ರಗಳಿಗೆ ಕಯ್ಯೂರಿನಂತೆ ಸಂಜೆಯ ಹೊತ್ತು, ಇವೆರಡರ ಖರ್ಚು ಕಾಲೇಜಿನ ಖರ್ಚಿನ ಎದುರು ಎಲ್ಲಿಯ ಲೆಕ್ಕ? ಕಾಲೇಜು ಬೇಡವೆಂದಲ್ಲ. ಸಾಲಿನಲ್ಲಿ ಯಾವುದು ಮೊದಲು ಎಂಬುದಷ್ಟೇ ಪ್ರಶ್ನೆ.

ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್‌ನಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುವವರು ಪ್ರತಿವರ್ಷ ಪ್ರಬಂಧಕ್ಕೆ ವಿಷಯ ಹುಡುಕುತ್ತಾರೆ. ವಿಷಯ 35 ಕಿ.ಮೀ. ಬಡಗಿನಲ್ಲಿದೆ. ಹೆಸರು, ವಿಳಾಸ ತೆಗೆದುಹಾಕಿದ ಒಂದು ವರ್ಷದ ಶಿಫಾರಸು ಪತ್ರಗಳನ್ನು ವಿದ್ಯಾರ್ಥಿಗಳಿಗೆ ಕೊಡಲು ಜಿಲ್ಲಾ ಆರೋಗ್ಯಾಧಿಕಾರಿಯ ಒಪ್ಪಿಗೆ ಬೇಕು. ಆ ಪತ್ರಗಳ ಮೇಲೆ ಪಾವತಿಯಾದ ಹಣದ ಲೆಕ್ಕ ಬೆಂಗಳೂರಿನ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಬಳಿ ಇರುತ್ತದೆ. ಎರಡನ್ನೂ ತಾಲೂಕುವಾರು ಜೋಡಿಸಿ ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಗೆ ಒಂದೊಂದು ಪುಟದಂತೆ ಕನ್ನಡದಲ್ಲಿ ಪ್ರಕಟಿಸಬಹುದು. ಮುಂದಿನ ಬಜೆಟ್ ಭಾಷಣಕ್ಕೆ ಮುಂಚೆ ಆ ಮೂರು ಪುಟಗಳು ಶಾಸಕರ ಮೇಜಿಗೂ ಗ್ರಾಮಸಭೆಗಳ ಫಲಕಕ್ಕೂ ತಲುಪಿದರೆ, ಉಡುಪಿಗೆ ಏನು ಬೇಕೆಂಬ ವಾದ ಆ ಅಂಕಿಗಳನ್ನು ಮುಂದಿಟ್ಟುಕೊಂಡೇ ನಡೆಯಬೇಕಾಗುತ್ತದೆ.